ಕೊರತೆಯ ಕಾಲದಲ್ಲಿ ಸಮಪಾಲು

ಮನೆಯಲ್ಲಿ ಧಾನ್ಯ ಕಡಿಮೆಯಾದಾಗ ಯಾರ ತಟ್ಟೆಯ ಅನ್ನ ಮೊದಲು ಕಡಿಮೆಯಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ಗ್ರಂಥಗಳನ್ನು ತಿರುವಿಹಾಕಬೇಕಾಗಿಲ್ಲ. ಗಂಡಸರಿಗೂ ಮಕ್ಕಳಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ತಾನು ಉಂಡು ಏಳುವ ತಾಯಿ ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇದ್ದಾಳೆ. ಲೋಕ ಅದನ್ನು ತ್ಯಾಗವೆಂದು ಕೊಂಡಾಡುತ್ತದೆ. ಪ್ರತಿ ಸಲವೂ ಒಬ್ಬರೇ ಮಾಡಬೇಕಾಗಿ ಬರುವ ತ್ಯಾಗವನ್ನು ರೂಢಿಯಾಗಿ ಬೇರೂರಿದ ಅನ್ಯಾಯವೆಂದು ಕರೆಯುವುದೇ ಹೆಚ್ಚು ಸರಿಯಾದೀತು.

ಮನೆಯ ಈ ರೂಢಿಯೇ ನಾಡಿನ ಅಭಿವೃದ್ಧಿ ಯೋಜನೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಬೊಕ್ಕಸ ತುಂಬಿರುವಾಗ ಸ್ತ್ರೀಪುರುಷ ಸಮಾನತೆಯ ಮಾತು ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತದೆ. ಹಣದ ಮುಗ್ಗಟ್ಟು ತಲೆದೋರಿದೊಡನೆ ‘ಅದನ್ನು ಮುಂದೆ ನೋಡಿಕೊಂಡರಾಯಿತು’ ಎಂಬ ಉತ್ತರ ಬರುತ್ತದೆ. ಸಮಾನತೆಯೆಂಬುದು ಹಬ್ಬದ ದಿನ ಉಡುವ ಪಟ್ಟೆ ಸೀರೆಯಂತೆ, ಕಷ್ಟಕಾಲದಲ್ಲಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಬಹುದಾದ ವಸ್ತು ಎಂಬುದು ಈ ಉತ್ತರದ ಹಿಂದಿರುವ ಭಾವನೆ. ಆದರೆ ಸಮಾನತೆಯ ಅಗತ್ಯ ಅತ್ಯಧಿಕವಾಗಿರುವುದು ಮುಗ್ಗಟ್ಟಿನ ಕಾಲದಲ್ಲಿಯೇ. ಬಳ್ಳಾರಿ ಸೀಮೆಯ ಹಿಂದಿನ ಮತ್ತು ಇಂದಿನ ಅನುಭವ ಈ ಮಾತಿಗೆ ಸಾಕ್ಷಿಯಾಗಿದೆ.

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಒಂದೇ ಜಿಲ್ಲೆಯ ನೆರೆಹೊರೆಯ ಊರುಗಳು. ಬಂಡೆಯ ಬೆಟ್ಟದ ಮೇಲಿನ ಕೋಟೆಯ ನೆರಳಿನಲ್ಲಿ ಬೆಳೆದ ಬಳ್ಳಾರಿ ನಗರವು ವ್ಯಾಪಾರಕ್ಕೂ, ಸಂಡೂರು ಸೀಮೆಯ ಕಬ್ಬಿಣದ ಅದಿರನ್ನು ನೆಚ್ಚಿದ ಉದ್ಯಮಗಳಿಗೂ, ಜೀನ್ಸ್ ಉಡುಪುಗಳ ತಯಾರಿಕೆಗೂ ಹೆಸರಾಗಿದೆ. ತುಂಗಭದ್ರೆಯ ದಡದಲ್ಲಿರುವ ಸಿರುಗುಪ್ಪ ಬತ್ತದ ಸೀಮೆ. ದೊಡ್ಡ ಬಸವೇಶ್ವರನ ಗುಡಿಯಿಂದ ಪ್ರಸಿದ್ಧವಾದ ಕುರುಗೋಡಿನ ಸುತ್ತಲಿನ ಎರೆಭೂಮಿಯಲ್ಲಿ ಬತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತವೆ. ಗದ್ದೆಯಲ್ಲಿ ನಾಟಿ ಮಾಡುವವರು, ಕಳೆ ಕೀಳುವವರು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಬಹುಮಟ್ಟಿಗೆ ಹೆಂಗಸರೇ. ನಗರದ ಉಡುಪಿನ ಘಟಕಗಳಲ್ಲಿ ಹೊಲಿಯುವ, ದಾರದ ತುದಿಗಳನ್ನು ಕತ್ತರಿಸುವ ಕೈಗಳಲ್ಲಿಯೂ ಹೆಣ್ಣಿನ ಕೈಗಳಿಗೆ ಕೊರತೆಯಿಲ್ಲ. ಆದರೆ ಇಲ್ಲಿಯ ಸಂಪಾದನೆಯ ಸೂತ್ರಗಳು ಇಲ್ಲಿಯವರ ಕೈಯಲ್ಲಿ ಇಲ್ಲ. ಅದಿರಿನ ಬೆಲೆ ದೂರದೇಶದ ಬೇಡಿಕೆಯನ್ನೂ, ಬತ್ತದ ಬೆಳೆ ಜಲಾಶಯದ ನೀರನ್ನೂ, ಉಡುಪಿನ ಮಾರಾಟ ಪರಸ್ಥಳದ ವರ್ತಕರನ್ನೂ ಅವಲಂಬಿಸಿವೆ. ಆದುದರಿಂದ ಈ ಸೀಮೆಯಲ್ಲಿ ಸಮೃದ್ಧಿ ಎಷ್ಟು ಬೇಗ ಬರುತ್ತದೆಯೋ ಮುಗ್ಗಟ್ಟೂ ಅಷ್ಟೇ ಬೇಗ ಬರುತ್ತದೆ.

ಚರಿತ್ರೆಯ ಒಂದು ಪುಟವನ್ನು ಮೊದಲು ನೋಡಬಹುದು. 1876ರಿಂದ 1878ರ ವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದಾಗಿತ್ತು. ಹಸಿದ ಜನರಿಗೆ ಬ್ರಿಟಿಷ್ ಸರ್ಕಾರವು ರಸ್ತೆ, ಕೆರೆಗಳಂಥ ಪರಿಹಾರ ಕಾಮಗಾರಿಗಳಲ್ಲಿ ಕೂಲಿ ಕೊಡುತ್ತಿತ್ತು. ಖರ್ಚು ಮಿತಿಮೀರುತ್ತಿದೆಯೆಂದು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ ಆ ಕೂಲಿಯನ್ನು ಇಳಿಸಲಾಯಿತು. ಒಬ್ಬ ಗಂಡಸಿನ ದಿನದ ದುಡಿಮೆಗೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗ್ರಾಮಿಗಿಂತ ತುಸು ಕಡಿಮೆ ತೂಕದ ಧಾನ್ಯದ ಬೆಲೆಯೂ ಅದರ ಮೇಲೆ ಒಂದು ಆಣೆಯೂ ಗೊತ್ತಾಯಿತು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಅವರು, ಇಷ್ಟರಿಂದ ದುಡಿಯುವ ದೇಹ ಉಳಿಯಲಾರದೆಂದು ಬಲವಾಗಿ ಪ್ರತಿಭಟಿಸಿದರು. ಕೆಲವು ತಿಂಗಳ ಮೇಲೆ ಕೂಲಿಯನ್ನು ಹೆಚ್ಚಿಸಬೇಕಾಯಿತು. ಹಸಿವಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಸಿವನ್ನು ಅಳೆದ ಅಳತೆಗೋಲಿಗೆ ಮಾತ್ರ ಆ ಭೇದವಿದ್ದಿತು. ಉಳಿತಾಯದ ಕತ್ತರಿ ಮೊದಲು ಬಡವರ ಮೇಲೂ, ಬಡವರಲ್ಲಿ ಹೆಂಗಸರ ಮೇಲೂ ಬೀಳುತ್ತದೆ ಎಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಬರಗಾಲದ ಈ ಸೀಮೆಗೆ ಶಾಶ್ವತ ನೀರಾವರಿಯನ್ನು ಒದಗಿಸಬೇಕೆಂಬ ಬಹುಕಾಲದ ಹಂಬಲ ತುಂಗಭದ್ರಾ ಯೋಜನೆಯಲ್ಲಿ ಕೈಗೂಡಿತು. 1945ರಲ್ಲಿ ಆರಂಭವಾದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕರಿಮಣ್ಣಿನ ಬಯಲು ಹಸುರಾಯಿತು. ಇದು ನಾಡಿಗೆ ನಾಡೇ ಹೆಮ್ಮೆಪಡಬೇಕಾದ ಸಾಧನೆ. ಆದರೂ ಒಂದು ಪ್ರಶ್ನೆ ಉಳಿಯಿತು. ನೀರು ಹರಿದದ್ದು ಭೂಮಿಗೆ; ಭೂಮಿ ಇದ್ದದ್ದು ಯಾರ ಹೆಸರಿನಲ್ಲಿ? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ನೀಡುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಅದಾದ ಮೇಲೆಯೂ 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರ ಪಾಲು ಶೇಕಡ 14ರಷ್ಟೇ. ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ನಾಟಿ ಮಾಡುವವಳ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಸಾಲ, ಸಹಾಯಧನ, ಬೆಳೆವಿಮೆ ಯಾವುದೂ ಅವಳ ಬಾಗಿಲಿಗೆ ನೇರವಾಗಿ ಬರುವುದಿಲ್ಲ.

ಸುಗ್ಗಿಯ ದಿನಗಳಲ್ಲಿ ಈ ಕುಂದು ಮರೆಯಾಗಿರುತ್ತದೆ. ಕೆಲಸ ನಿಂತ ದಿನ ಅದು ಎದ್ದು ಕಾಣುತ್ತದೆ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯಿಂದ ಕಾಡು, ನೀರು, ನೆಲಗಳು ಹಾಳಾಗುತ್ತಿದ್ದುದರಿಂದ ಆ ತೀರ್ಪು ಅವಶ್ಯಕವಾಗಿತ್ತು. ಆದರೆ ಅದರೊಂದಿಗೆ ಲಾರಿಗಳು ನಿಂತವು, ಅವುಗಳನ್ನು ನೆಚ್ಚಿದ್ದ ಗ್ಯಾರೇಜುಗಳೂ ಹೋಟೆಲುಗಳೂ ಬರಿದಾದವು. ಗಂಡಸಿನ ಸಂಪಾದನೆ ನಿಂತ ಮನೆಯಲ್ಲಿ ಒಲೆ ಉರಿಸುವ ಹೊಣೆ ಹೆಂಗಸಿನ ಕೂಲಿಯ ಮೇಲೆ ಬೀಳುವುದು ಸಹಜ. ಕೆಲಸ ಕಳೆದುಕೊಂಡವರ ಲೆಕ್ಕದಲ್ಲಿ ಚಾಲಕನೂ ಯಂತ್ರ ನಡೆಸುವವನೂ ಸುಲಭವಾಗಿ ಸೇರುತ್ತಾರೆ. ಕೈಯಿಂದ ಅದಿರನ್ನು ಒಡೆದು ಆರಿಸುತ್ತಿದ್ದವಳು, ಲಾರಿ ನಿಲ್ಲುವಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದವಳು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲದಿದ್ದರೆ, ಆ ಲೆಕ್ಕಕ್ಕೆ ಸೇರುವುದಾದರೂ ಹೇಗೆ?

ಮೊನ್ನೆಮೊನ್ನೆಯ ಉದಾಹರಣೆ ಕಾಲುವೆಯದು. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ಹಳೆಯ 33 ಗೇಟುಗಳನ್ನೂ ಬದಲಿಸಬೇಕಾದುದರಿಂದ, 2025–26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡಬಾರದೆಂದು ನಿರ್ಧಾರವಾಯಿತು. ಅಣೆಕಟ್ಟು ಉಳಿಯಬೇಕಾದರೆ ಇದು ಅನಿವಾರ್ಯ. ಆದರೆ ಎರಡನೆಯ ಬೆಳೆಯಿಲ್ಲವೆಂದರೆ ಸಿರುಗುಪ್ಪ, ಕುರುಗೋಡುಗಳ ಗದ್ದೆಗಳಲ್ಲಿ ಎರಡನೆಯ ನಾಟಿಯೂ ಇಲ್ಲ, ಎರಡನೆಯ ಕಳೆಯೂ ಇಲ್ಲ. ರೈತನ ನಷ್ಟಕ್ಕೆ ಎಕರೆಯ ಲೆಕ್ಕದಲ್ಲಿ ಪರಿಹಾರ ಕೇಳಬಹುದು. ಅದು ನ್ಯಾಯವೂ ಹೌದು. ಎಕರೆಯೇ ಇಲ್ಲದ ಕೂಲಿಕಾರ್ತಿಯ ನಷ್ಟವನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು? ಅವಳು ಕಳೆದುಕೊಂಡದ್ದು ದಿನಗಳನ್ನು. ಹೀಗಿರುವಾಗ ಅವಳಿಗೆ ಸಲ್ಲಬೇಕಾದ ಪರಿಹಾರವೂ ದಿನಗಳ ರೂಪದಲ್ಲಿಯೇ, ಅಂದರೆ ಕೆಲಸದ ರೂಪದಲ್ಲಿಯೇ ದೊರೆಯಬೇಕು.

ಮುಗ್ಗಟ್ಟಿನ ಇನ್ನೊಂದು ಹೊರೆ ಕಣ್ಣಿಗೆ ಕಾಣದಂಥದು. ಭಾರತ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಹಣವಿಲ್ಲವೆಂದು ಅಂಗನವಾಡಿಯ ದುರಸ್ತಿಯನ್ನು ಮುಂದೂಡಿದರೆ ಮಗುವನ್ನು ನೋಡಿಕೊಳ್ಳುವ ಕೆಲಸ ಮಾಯವಾಗುವುದಿಲ್ಲ. ಅದು ತಾಯಿಯ ಅಥವಾ ಅಕ್ಕನ ಸೊಂಟಕ್ಕೆ ಏರುತ್ತದೆ. ನೀರಿನ ಕೊಳವೆ ಹಾಕುವುದು ನಿಂತರೆ ನೀರು ತರುವ ಕೆಲಸ ನಿಲ್ಲುವುದಿಲ್ಲ. ಅದು ಕೊಡವಾಗಿ ಹೆಣ್ಣಿನ ತಲೆಯ ಮೇಲೆ ಕೂಡುತ್ತದೆ. ಸರ್ಕಾರದ ಪುಸ್ತಕದಲ್ಲಿ ಉಳಿತಾಯವೆಂದು ಬರೆದ ಮೊತ್ತವು ಹೀಗೆ ಹೆಂಗಸರ ದುಡಿಮೆಯಾಗಿ ವಸೂಲಾಗುತ್ತದೆ. ಕೆಲವೆಡೆ ಅದರ ಬೆಲೆಯನ್ನು ಶಾಲೆ ಬಿಡುವ ಹುಡುಗಿಯೇ ತೆರುತ್ತಾಳೆ. ಇದು ಬಳ್ಳಾರಿಗೆ ಮಾತ್ರ ಸೇರಿದ ಮಾತಲ್ಲ. 1980ರ ದಶಕದಲ್ಲಿ ಸಾಲದ ಹೊರೆಗೆ ಸಿಕ್ಕಿದ ಲ್ಯಾಟಿನ್ ಅಮೆರಿಕ ಹಾಗೂ ಆಫ್ರಿಕದ ಅನೇಕ ದೇಶಗಳು ಆಸ್ಪತ್ರೆ ಮತ್ತು ಶಾಲೆಗಳ ವೆಚ್ಚವನ್ನು ಮೊಟಕುಗೊಳಿಸಿದವು. ಇಂಥ ಮಿತವ್ಯಯದ ಭಾರ ಮಕ್ಕಳ ಮೇಲೂ ತಾಯಂದಿರ ಮೇಲೂ ಬೀಳುತ್ತದೆಯೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿ 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎಚ್ಚರಿಸಿತು.

ಇದಕ್ಕೆ ಕೆಲವರು ಆಕ್ಷೇಪಣೆಗಳನ್ನು ಎತ್ತಬಹುದು. ಸಂಸಾರದ ಭಾರ ಹೊತ್ತವನು ಗಂಡಸು. ಕೆಲಸ ಕಡಿಮೆಯಿರುವಾಗ ಅದು ಮೊದಲು ಅವನಿಗೆ ಸಿಗಬೇಕಲ್ಲವೆ? ಹೆಂಗಸರ ಕೆಲಸ ಹಗುರವಾದುದು. ಅದಕ್ಕೆ ಸಮಾನ ಕೂಲಿ ಏಕೆ? ಎಂಬವು ಅವುಗಳಲ್ಲಿ ಮುಖ್ಯವಾದವು. ಈ ಮಾತುಗಳನ್ನು ತಳ್ಳಿಹಾಕದೆ ಪರೀಕ್ಷಿಸಿ ನೋಡಬೇಕು. ವಿಧವೆಯ ಮನೆಯಲ್ಲಿ, ಗಂಡ ದುಡಿಮೆಗಾಗಿ ಪರಸ್ಥಳಕ್ಕೆ ಹೋದವಳ ಮನೆಯಲ್ಲಿ, ಕಾಯಿಲೆಯಿಂದ ಮಲಗಿದವನ ಮನೆಯಲ್ಲಿ ಸಂಸಾರದ ಭಾರ ಹೊತ್ತವರು ಯಾರು? ಕೆಸರಿನ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಬೆನ್ನಿನಲ್ಲಿ ನಾಟಿ ಮಾಡುವುದನ್ನು ಹಗುರವೆಂದು ಹೇಳುವವರು ಒಂದು ದಿನ ಅದನ್ನು ಮಾಡಿ ನೋಡಬೇಕು. ಸಮಾನವಾದ ಕೆಲಸಕ್ಕೆ ಸ್ತ್ರೀಪುರುಷರಿಬ್ಬರಿಗೂ ಸಮಾನ ವೇತನ ದೊರೆಯಬೇಕೆಂದು ಭಾರತದ ಸಂವಿಧಾನದ 39ನೆಯ ಅನುಚ್ಛೇದ ಹೇಳುತ್ತದೆ. ಬರಗಾಲದಲ್ಲಿ ಇದು ಅನ್ವಯಿಸದು ಎಂಬ ಮಾತು ಅಲ್ಲಿ ಇಲ್ಲ.

ಹಾಗಾದರೆ ಮುಗ್ಗಟ್ಟಿನಲ್ಲಿ ಯೋಜನೆಗಳು ಹೇಗಿರಬೇಕು? ದಾರಿ ಹೊಸದಾಗಿ ಹುಡುಕಬೇಕಾದದ್ದಲ್ಲ. ಸಂಸತ್ತು 2005ರಲ್ಲಿ ಅಂಗೀಕರಿಸಿದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು, ಕೆಲಸ ಪಡೆಯುವವರಲ್ಲಿ ಕಡೆಯ ಪಕ್ಷ ಮೂರರಲ್ಲಿ ಒಂದು ಭಾಗ ಮಹಿಳೆಯರಿರಬೇಕೆಂದು ಗೊತ್ತುಪಡಿಸಿತು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರೊಡನೆ ಕಾಮಗಾರಿಗೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ವಿಧಿಸಿತು. ಕಾನೂನುಗಳು ಕಾಲಕಾಲಕ್ಕೆ ಬದಲಾಗಬಹುದು. ಆದರೆ ಮಗುವಿಗೆ ನೆರಳಿಲ್ಲದ ಕಡೆ ತಾಯಿಗೆ ಕೆಲಸವಿಲ್ಲ ಎಂಬ ಈ ತಿಳಿವಳಿಕೆಯನ್ನು ಯಾವ ಕಾಲದ ಯೋಜನೆಯೂ ಬಿಡಬಾರದು. ನೆರಳು, ಕುಡಿಯುವ ನೀರು, ಶೌಚಾಲಯ ಇವು ಕಾಮಗಾರಿಯ ಅಲಂಕಾರಗಳಾಗದೆ ಅದರ ಅಡಿಪಾಯವಾಗಬೇಕು.

ಹಣವೆಲ್ಲಿದೆ ಎಂಬ ಪ್ರಶ್ನೆಗೂ ಬಳ್ಳಾರಿಯಲ್ಲಿ ಒಂದು ಉತ್ತರವಿದೆ. ಗಣಿಗಳ ಮಾಲೀಕರಿಂದ ಸಂಗ್ರಹವಾಗುವ ಹಣವನ್ನು ಗಣಿಬಾಧಿತ ಜನರ ಒಳಿತಿಗೆ ಬಳಸಲು 2015ರ ಕಾಯ್ದೆ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟವು. ಅದರ ಮೊದಲ ಮಾರ್ಗಸೂಚಿಯೇ ಶೇಕಡ 60ರಷ್ಟು ಹಣವನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಮೊದಲಾದ ಆದ್ಯತೆಗಳಿಗೆ ಮೀಸಲಿಟ್ಟಿತು. ಅದಿರಿನ ವ್ಯಾಪಾರ ಏರಿದಾಗ ಕೂಡಿದ ಹಣ, ಅದು ಇಳಿದಾಗ ಹೆಂಗಸರ ಕೈಗೆ ಕೆಲಸವಾಗಿ, ಕೌಶಲವಾಗಿ ತಲುಪುವುದಾದರೆ ಅದಕ್ಕಿಂತ ಒಳ್ಳೆಯ ವಿನಿಯೋಗ ಬೇರೊಂದಿಲ್ಲ. ಯಂತ್ರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹೊಸ ಉಪಕರಣ ಬಂದಾಗ ಅದು ಗಂಡಸಿನ ಕೈ ಸೇರಿ, ಹೆಂಗಸು ಹಳೆಯ ವಿಧಾನದ ದುಡಿಮೆಗೇ ಉಳಿಯುತ್ತಾಳೆಂದು ಎಸ್ತರ್ ಬೋಸರಪ್ ಎಂಬ ವಿದುಷಿ 1970ರಲ್ಲಿಯೇ ತೋರಿಸಿದ್ದರು. ನಾಟಿ ಮಾಡುವ ಯಂತ್ರ ಸಿರುಗುಪ್ಪದ ಗದ್ದೆಗೆ ಬರುವುದಾದರೆ, ಅದನ್ನು ನಡೆಸುವ ತರಬೇತಿ ಇಷ್ಟು ವರ್ಷ ನಾಟಿ ಮಾಡಿದವಳಿಗೇ ಮೊದಲು ಸಿಗಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಹಂಚುವ ಜಾಗದಲ್ಲಿ ಹೆಂಗಸರು ಕುಳಿತಿರಬೇಕು. ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಹಾಗೂ ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ನಡೆದ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾಗಿದ್ದವು. 2010ರಲ್ಲಿ ಪಂಚಾಯಿತಿಗಳ ಮೀಸಲಾತಿ ಶೇಕಡ 50ಕ್ಕೆ ಏರಿತು. ಸ್ಥಾನ ದೊರೆತಿದೆ, ಆ ಸ್ಥಾನದಲ್ಲಿ ಕುಳಿತವಳ ಮಾತೂ ನಡೆಯಬೇಕು. ಯಾವ ವೆಚ್ಚವನ್ನು ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂದು ನಿರ್ಧರಿಸುವ ಸಭೆಯಲ್ಲಿ ನೀರಿನ ಕೊಡ ಹೊತ್ತವಳೊಬ್ಬಳು ಇದ್ದರೆ, ಕೊಳವೆಯ ಕಾಮಗಾರಿಯನ್ನು ಕೈಬಿಡುವುದು ಅಷ್ಟು ಸುಲಭವಾಗಲಾರದು.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು ಆದಲ್ಲಿ ಆ ಗಾದೆ ಸುಳ್ಳಾಗುತ್ತದೆ. ಮೊಸರು ಹೇರಳವಾಗಿದ್ದಾಗ ಎಲ್ಲರಿಗೂ ಬಡಿಸುವುದು ದೊಡ್ಡ ಮಾತಲ್ಲ. ಒಂದೇ ಬಟ್ಟಲು ಉಳಿದಾಗ ಅದನ್ನು ಹೇಗೆ ಹಂಚುತ್ತಾರೆ ಎಂಬುದರಿಂದಲೇ ಮನೆಯ ನ್ಯಾಯವೂ ನಾಡಿನ ನ್ಯಾಯವೂ ಗೊತ್ತಾಗುತ್ತದೆ.