ನೆನಪಿನ ಚೀಟಿಗೊಂದು ಹಗುರವಾದ ಜಾಗ

ನಮ್ಮ ಕಟ್ಟಡದ ಎರಡನೇ ಮಾಳಿಗೆಯ ಹುಡುಗಿ ಸಿ.ಎ. ಪರೀಕ್ಷೆಗೆ ಓದುತ್ತಿದ್ದಾಳೆ. ಅಣ್ಣ ಬಳಸಿ ಬಿಟ್ಟ ಹಳೆಯ ಕಂಪ್ಯೂಟರು ಅವಳ ಪಾಲಿಗೆ ಬಂದಿದೆ. "ಆಂಟಿ, ದಿನದ ಕೆಲಸಗಳನ್ನು ಬರೆದಿಡಲಿಕ್ಕೆ ಸರಳವಾದ ಸಾಫ್ಟ್‌ವೇರ್ ಯಾವುದಾದರೂ ಇದೆಯೇ? ನಾನು ಹಾಕಿಕೊಂಡದ್ದು ತೆರೆದುಕೊಳ್ಳುವಷ್ಟರಲ್ಲಿ ಬರೆಯಬೇಕಾದದ್ದೇ ಮರೆತುಹೋಗುತ್ತದೆ" ಎಂದಳು. ನಿಮ್ಮಲ್ಲಿ ಹಲವರ ಪ್ರಶ್ನೆಯೂ ಇದೇ ಇದ್ದೀತೆಂದು ಈ ಸಲದ ಅಂಕಣವನ್ನು ಇದಕ್ಕೇ ಇಟ್ಟಿದ್ದೇನೆ. ಗೃಹಿಣಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ಹುಬ್ಬೇರಿಸಬೇಡಿ. ಕೆಲಸದ ಯಾದಿಯ ವಿಷಯದಲ್ಲಿ ನಮಗಿಂತ ಹೆಚ್ಚಿನ ಅನುಭವ ಯಾರಿಗಿದೆ?

ಸಯನ್, ಮಾಟುಂಗದ ನಮ್ಮ ಮನೆಗಳಲ್ಲಿ ಈ ಯಾದಿ ಇರುತ್ತಿದ್ದದ್ದು ಅಡುಗೆಮನೆಯ ಗೋಡೆಯ ಮೇಲೆ. 1973ರಲ್ಲಿ ಜಯಂತರಾವ್ ಸಾಳಗಾಂವಕರ್ ಮರಾಠಿಯಲ್ಲಿ ಆರಂಭಿಸಿದ 'ಕಾಲನಿರ್ಣಯ' ಕ್ಯಾಲೆಂಡರು ಮುಂದೆ ಕನ್ನಡದಲ್ಲಿಯೂ ಬಂತು. ಏಕಾದಶಿ, ಸಂಕಷ್ಟಿ ನೋಡಲೆಂದು ತಂದದ್ದು ನಿಜ. ಆದರೆ ಆ ಪುಟ್ಟ ಚೌಕಗಳಲ್ಲಿ ಹಾಲಿನವನು ಬಾರದ ದಿನ, ಗ್ಯಾಸ್ ಸಿಲಿಂಡರು ಹಚ್ಚಿದ ದಿನ, ಇಸ್ತ್ರಿಗೆ ಕೊಟ್ಟ ಬಟ್ಟೆಯ ಲೆಕ್ಕ ಎಲ್ಲವೂ ಸೇರುತ್ತಿದ್ದವು. ಅದನ್ನು ಬಳಸಲು ಯಾರೂ ಕಲಿಸಬೇಕಾಗಿರಲಿಲ್ಲ, ಮನೆಯ ಯಾರು ಬೇಕಾದರೂ ಓದಬಹುದಿತ್ತು. ಕಂಪ್ಯೂಟರಿನಲ್ಲಿ ಹುಡುಕುವಾಗಲೂ ನಾನು ಇವೆರಡನ್ನೇ ಕೇಳುತ್ತೇನೆ.

ಈಗ ಸಿಗುವ ಬಹಳಷ್ಟು ಸಾಫ್ಟ್‌ವೇರುಗಳು ಹೊಟ್ಟೆಯಲ್ಲಿ ಒಂದು ಇಡೀ ಬ್ರೌಸರನ್ನೇ ಹೊತ್ತುಕೊಂಡು ಬರುತ್ತವೆ. ಹತ್ತು ಸಾಲಿನ ಚೀಟಿಗೆ ಗೋದ್ರೆಜ್ ಕಪಾಟು ಕೊಂಡಂತೆ! ಹಳೆಯ ಯಂತ್ರ ಏದುಸಿರು ಬಿಡದೆ ಏನು ಮಾಡೀತು? ಇನ್ನೊಂದು ತೊಂದರೆಯೂ ಇದೆ. ಬರ್ಲಿನ್ನಿನ ಕಂಪನಿಯೊಂದು ಮಾಡಿದ 'ವಂಡರ್‌ಲಿಸ್ಟ್' ಎಂಬುದು ಬಲು ಚಂದದ ಸಾಫ್ಟ್‌ವೇರು. ಅದನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಯಾದಿಗಳನ್ನು ತನ್ನದೇ ಇನ್ನೊಂದು ಸಾಫ್ಟ್‌ವೇರಿಗೆ ಸಾಗಿಸಿಕೊಳ್ಳಲು ಅವಕಾಶ ಕೊಟ್ಟಿತ್ತು, ಅದು ಸರಿಯೇ. ಆದರೂ ಬಾಡಿಗೆಯ ಮನೆ ಬಾಡಿಗೆಯ ಮನೆಯೇ.

ಹಾಗಾಗಿ ಆ ಹುಡುಗಿಗೆ ನಾನು ತೋರಿಸಿದ್ದು ಅವಳ ಯಂತ್ರದಲ್ಲಿ ಆಗಲೇ ಇದ್ದ ನೋಟ್‌ಪ್ಯಾಡನ್ನು. 1985ರ ಮೊದಲ ವಿಂಡೋಸ್‌ನಿಂದಲೂ ಅದು ಜೊತೆಗಿದೆ. (ಈಚೆಗೆ ಅದರೊಳಕ್ಕೂ ಕೃತಕ ಬುದ್ಧಿಯನ್ನು ತುರುಕಿದ್ದಾರೆ. ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಆರಿಸಿಬಿಡಿ.) ಒಂದು ಕಡತ ತೆರೆದು, ಒಂದು ಸಾಲಿಗೆ ಒಂದು ಕೆಲಸ ಬರೆಯಿರಿ. ಎಫ್5 ಕೀಲಿ ಒತ್ತಿದರೆ ಅಂದಿನ ತಾರೀಖು, ಸಮಯ ತಾನಾಗಿ ಮೂಡುತ್ತದೆ. ಕಡತದ ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಎಲ್, ಓ, ಜಿ ದೊಡ್ಡ ಅಕ್ಷರಗಳನ್ನು ಬರೆದು ಉಳಿಸಿದರೆ, ಪ್ರತಿಸಲ ತೆರೆದಾಗಲೂ ಕೊನೆಯಲ್ಲಿ ತಾರೀಖು ಹಾಕಿಕೊಂಡು ಕಾದಿರುತ್ತದೆ.

ಇನ್ನೂ ಸ್ವಲ್ಪ ಶಿಸ್ತು ಬೇಕೆನ್ನುವವರಿಗೆ 'ಟುಡೂ ಡಾಟ್ ಟೆಕ್ಸ್ಟ್' ಎಂಬ ಪದ್ಧತಿಯಿದೆ. ಅಮೆರಿಕದ ಗಿನಾ ಟ್ರಪಾನಿ ಎಂಬಾಕೆ 2006ರಲ್ಲಿ ಅದನ್ನು ರೂಪಿಸಿದರು. ತುರ್ತಿನ ಕೆಲಸದ ಮುಂದೆ ಕಂಸದಲ್ಲಿ ಎ, ಆಮೇಲಿನದಕ್ಕೆ ಬಿ. ಮುಗಿದ ಕೆಲಸದ ಸಾಲಿನ ಆರಂಭದಲ್ಲಿ ಚಿಕ್ಕ ಎಕ್ಸ್. ಹೆಚ್ಚುಕಡಿಮೆ ಇಷ್ಟೇ. ಬರಿಯ ಅಕ್ಷರಗಳ ಕಡತವಾದ್ದರಿಂದ ಯಾವ ಕಂಪ್ಯೂಟರಿನಲ್ಲೂ ತೆರೆದೀತು, ಯಾವ ಕಂಪನಿ ಮುಚ್ಚಿದರೂ ಉಳಿದೀತು. ಪೆನ್‌ಡ್ರೈವಿನಲ್ಲೊಂದು ನಕಲು ಇಟ್ಟುಕೊಳ್ಳಿ. ಒಂದು ಕೊರತೆ ಇದೆ: ಇದು ಗಂಟೆ ಬಾರಿಸಿ ಎಬ್ಬಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಆಗಬೇಕಾದ್ದಕ್ಕೆ ಫೋನಿನ ಅಲಾರಾಂ ಇರಲಿ.

ನಾನು ನನ್ನ ಯಾದಿಯನ್ನು ಕನ್ನಡದಲ್ಲೇ ಬರೆಯುವುದು. ಮೊದಲೆಲ್ಲ ಇದು ಸುಲಭವಿರಲಿಲ್ಲ. ಬರಹ, ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು ಇನ್ನೊಂದು ಯಂತ್ರಕ್ಕೆ ಹೋದರೆ ಅರ್ಥವಾಗದ ಗೀಚುಗಳಾಗುತ್ತಿದ್ದವು. ಯೂನಿಕೋಡ್ ಬಂದ ಮೇಲೂ ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎಚ್ಚರ ತಪ್ಪಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. 2019ರ ವಿಂಡೋಸ್ 10ರ ಪರಿಷ್ಕರಣೆಯ ನಂತರ ಆ ಕಾಟವೂ ತಪ್ಪಿತು. ಇಂಗ್ಲಿಷ್ ಉಚ್ಚಾರಣೆಯಂತೆ ಕನ್ನಡ ಮೂಡಿಸುವ ಕೀಲಿಮಣೆಯೂ ಅದರಲ್ಲೇ ಬಂತು. ಭಾಷೆಗಳ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅಂದಹಾಗೆ, ನುಡಿಯ ಕೀಲಿಮಣೆಗೆ ಆಧಾರವಾದ ವಿನ್ಯಾಸ ಮಾಡಿದ ಕೆ. ಪಿ. ರಾವ್ ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು.

ಕಳೆದ ಬೇಸಿಗೆಯಲ್ಲಿ ಅಮ್ಮನ ಶುಶ್ರೂಷೆಗೆಂದು ನಾನು ಒಂದು ತಿಂಗಳು ಊರಿಗೆ ಹೋಗಬೇಕಾಯಿತು. ಇಲ್ಲಿ ಮಗ, ಅವನ ಅಪ್ಪ, ನನ್ನ ಅತ್ತೆ. ಸೊಸೈಟಿಯ ಮೇಂಟೆನೆನ್ಸ್ ಚೆಕ್ಕು, ಮಾಟುಂಗದಿಂದ ತರಬೇಕಾದ ಸಾಮಾನು, ಅತ್ತೆಯ ಬಿ.ಪಿ. ಮಾತ್ರೆ ಎಲ್ಲವೂ ಆ ಕಡತದಲ್ಲಿದ್ದವು. ಮಗ ಮನೆಯಲ್ಲಿ ಕನ್ನಡ ಆಡುತ್ತಾನೆ, ಓದುವುದೆಂದರೆ ಅಕ್ಷರ ಅಕ್ಷರ ಕೂಡಿಸಿಕೊಂಡು. ಎರಡನೇ ದಿನವೇ ಫೋನು. "ಅಮ್ಮಾ, ಉದ್ದು ಎರಡು ಕಿಲೋ ಗೊತ್ತಾಯಿತು. ಹೆಸರು ಅರ್ಧ ಕಿಲೋ ಅಂದರೆ ಯಾರ ಹೆಸರು?" ಮೂಂಗ್ ಎಂದು ಹೇಳಿ ನಗು ತಡೆದುಕೊಂಡೆ. ಇಂಗ್ಲಿಷಿನಲ್ಲಿ ಬರೆದು ಕಳಿಸಲೇ ಎಂದೆ. ಬೇಡ, ಅಜ್ಜಿ ಪಕ್ಕದಲ್ಲಿ ಕುಳಿತು ಓದಿಸುತ್ತಿದ್ದಾರೆ ಎಂದ. ಕಣ್ಣು ಮಂಜಾದ ಅತ್ತೆಗೆ ಪರದೆ ಕಾಣದು, ಅವನು ಕೂಡಿಸಿ ಓದಿದ್ದಕ್ಕೆ ಅರ್ಥ ಹೇಳುತ್ತಿದ್ದರಂತೆ.

ನಾನು ಹಿಂದಿರುಗಿ ಬರುವಷ್ಟರಲ್ಲಿ ಯಾದಿಯ ಕೊನೆಯಲ್ಲಿ ಅವನದೇ ಒಂದು ಸಾಲು ಸೇರಿತ್ತು: "ಅಜ್ಜಿ ಮಾತ್ರೆ ನಾಲ್ಕು ಉಲಿದಿದೆ." ಆ ಕೀಲಿಮಣೆಯಲ್ಲಿ ಳಕಾರಕ್ಕೆ ಶಿಫ್ಟ್ ಹಿಡಿದು ಎಲ್ ಒತ್ತಬೇಕು, ಆಮೇಲೆ ಹೇಳಿಕೊಟ್ಟೆ. ಮಾತ್ರೆ ಮಾತ್ರ ಅವತ್ತೇ ಬಂದಿತ್ತು, ಸಾಲಿನ ಮುಂದೆ ಎಕ್ಸ್ ಹಾಕಿದ್ದ.