ಪೌಷ್ಟಿಕಾಂಶದ ತಕ್ಕಡಿಯಲ್ಲಿ ಅಹಿಂಸೆಯನ್ನು ತೂಗಬಹುದೇ?

ಪರ್ಯುಷಣ, ದಶಲಕ್ಷಣ ಪರ್ವಗಳು ಸಮೀಪಿಸಿದಾಗಲೆಲ್ಲ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ನಮ್ಮ ಮನೆಗಳಿಗೆ ಕರಪತ್ರಗಳು ಬರುತ್ತವೆ. ಈಚೆಗೆ ಅವು ವಾಟ್ಸಾಪಿನಲ್ಲಿಯೂ ಬರುತ್ತವೆ. ಹಂದಿಮಾಂಸದಲ್ಲಿ ಸತ್ತ್ವವೆಂಬುದೇ ಇಲ್ಲ, ಅದು ಬರಿಯ ಕೊಬ್ಬು ಮತ್ತು ವಿಷ, ಒಂದು ಹಿಡಿ ಬೇಳೆಗೂ ಅದು ಸಮನಲ್ಲ ಎಂಬುದು ಅವುಗಳಲ್ಲಿ ಹಲವುದರ ಸಾರ. ಉದ್ದೇಶ ಒಳ್ಳೆಯದು. ಆದರೆ ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಸುಳ್ಳೂ ಸುಳ್ಳೇ. ಅಹಿಂಸಾಣುವ್ರತದ ರಕ್ಷಣೆಗಾಗಿ ಸತ್ಯಾಣುವ್ರತವನ್ನು ಬಲಿಗೊಡುವ ಈ ಪದ್ಧತಿಯನ್ನು ನಾವು ಕೈಬಿಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಕೊಬ್ಬು ತೆಗೆದ 100 ಗ್ರಾಂ ಹಸಿ ಹಂದಿಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ದೇಹಕ್ಕೆ ಅವಶ್ಯವಾದ ಅಮೈನೋ ಆಮ್ಲಗಳೆಲ್ಲವೂ ಅದರಲ್ಲಿವೆ. ಥಯಾಮಿನ್ ಎಂಬ ಬಿ-1 ಜೀವಸತ್ತ್ವವು ಕುರಿ, ಕೋಳಿಗಳ ಮಾಂಸಕ್ಕಿಂತ ಹಂದಿಮಾಂಸದಲ್ಲಿ ಹೆಚ್ಚು. ಸಸ್ಯಗಳಲ್ಲಿ ದೊರೆಯದ ಬಿ-12 ಕೂಡ ಅದರಲ್ಲಿದೆ. ಇವು ಯಾರ ಪರವಾದ ಮಾತುಗಳೂ ಅಲ್ಲ. ಅಳೆದು ನೋಡಬಹುದಾದ ಸಂಗತಿಗಳು. ಇವನ್ನು ಅಲ್ಲಗಳೆಯುವವನು ಅಹಿಂಸೆಯನ್ನು ಎತ್ತಿಹಿಡಿಯುವುದಿಲ್ಲ, ತನ್ನ ಅಜ್ಞಾನವನ್ನು ಪ್ರಕಟಿಸುತ್ತಾನೆ, ಅಷ್ಟೆ.

ಇನ್ನು ಬೇಳೆಯ ಹೋಲಿಕೆ. ತೊಗರಿಬೇಳೆಯಲ್ಲಿ ಶೇಕಡಾ 22ರಷ್ಟು ಪ್ರೋಟೀನ್ ಇರುವುದು ನಿಜ; ಆದರೆ ಅದು ಒಣಬೇಳೆಯ ಲೆಕ್ಕ. ಬೆಂದು ನೀರು ಕುಡಿದ ಬೇಳೆಯಲ್ಲಿ ಅದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ತಿಳಿಸಾರಿನಲ್ಲಂತೂ ಇನ್ನೂ ಕಡಿಮೆ. ಒಣಬೇಳೆಯನ್ನು ನೀರಿನ ಅಂಶ ತುಂಬಿದ ಹಸಿಮಾಂಸದೊಡನೆ ತೂಗಿ ಗೆದ್ದೆವೆನ್ನುವುದು ಯಾವ ವ್ಯಾಪಾರ? ತಪ್ಪು ತೂಕ, ತಪ್ಪು ಅಳತೆಗಳನ್ನು ನಮ್ಮ ಶಾಸ್ತ್ರವು ಹೀನಾಧಿಕ ಮಾನೋನ್ಮಾನವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂಗಡಿಯಲ್ಲಿ ಮಾಡಲು ನಾಚುವ ಕೆಲಸವನ್ನು ಧರ್ಮಪ್ರಚಾರದಲ್ಲಿ ಮಾಡಬಹುದೇ?

ಎದುರು ಪಕ್ಷದವರ ತಕ್ಕಡಿಯೂ ನೆಟ್ಟಗಿಲ್ಲ. ಕೀಟೋ ಆಹಾರಕ್ರಮದ ಹೆಸರಿನಲ್ಲಿ ಬೇಕನ್ ಎಂಬ ಪದಾರ್ಥವು ಈಗ ನಮ್ಮ ತರುಣರ ಕಿವಿಗೂ ಬಿದ್ದಿದೆ. ಹಂದಿಯ ಹೊಟ್ಟೆಯ ಭಾಗದ ಮಾಂಸವನ್ನು ಉಪ್ಪು ಮತ್ತು ಸೋಡಿಯಂ ನೈಟ್ರೈಟಿನಲ್ಲಿ ಹದಗೊಳಿಸಿ, ಬಹುಮಟ್ಟಿಗೆ ಹೊಗೆಯಾಡಿಸಿದ ಪದಾರ್ಥವದು. ಹುರಿದ ಬೇಕನ್ನಿನ 100 ಗ್ರಾಂನಲ್ಲಿ 35 ಗ್ರಾಂ ಪ್ರೋಟೀನ್ ಎಂದು ಕೋಷ್ಟಕಗಳು ತೋರಿಸುತ್ತವೆ. ಅದೇ ಬೇಕನ್ ಹಸಿಯಾಗಿದ್ದಾಗ ಅದು ಸುಮಾರು 13 ಗ್ರಾಂ ಮಾತ್ರ. ಬಾಣಲೆಯಲ್ಲಿ ನೀರು ಆವಿಯಾಗಿ ಕೊಬ್ಬು ಕರಗಿ ಹೋದುದರಿಂದ ಅಂಕಿ ಮೇಲೇರಿತೇ ಹೊರತು ಹೊಸ ಸತ್ತ್ವವೇನೂ ಹುಟ್ಟಲಿಲ್ಲ. ಹುರಿದ ಒಂದು ಪಟ್ಟಿಯ ತೂಕ ಸುಮಾರು 8 ಗ್ರಾಂ. ಎರಡು ಪಟ್ಟಿ ತಿಂದವನಿಗೆ ದೊರೆಯುವುದು 6 ಗ್ರಾಂ ಪ್ರೋಟೀನ್. ಅದನ್ನು 30 ಗ್ರಾಂ ತೊಗರಿಬೇಳೆಯೂ ಕೊಡುತ್ತದೆ. ಬೇಕನ್ ಮತ್ತು ಮೊಟ್ಟೆ ಬೆಳಗಿನ ಆದರ್ಶ ಆಹಾರವೆಂಬ ನಂಬಿಕೆಯನ್ನು ಅಮೆರಿಕದಲ್ಲಿ 1920ರ ದಶಕದಲ್ಲಿ ಹರಡಿದವರು ವೈದ್ಯರಲ್ಲ, ಬೀಚ್‌ನಟ್ ಎಂಬ ಕಂಪೆನಿಯ ಪರವಾಗಿ ದುಡಿದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ವೈದ್ಯರ ಅಭಿಪ್ರಾಯವನ್ನು ಸಂಗ್ರಹಿಸಿ ಅದನ್ನೇ ಆತ ಜಾಹೀರಾತಾಗಿಸಿದ. ಸರಕು ಹೇಗೆ ಮಾರಾಟವಾಗುತ್ತದೆಂಬುದನ್ನು ವರ್ತಕರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮಾಂಸವಿಲ್ಲದೆ ಪ್ರೋಟೀನ್ ಸಾಲದೆಂಬ ಮಾತಿಗೂ ಲೆಕ್ಕದಿಂದಲೇ ಉತ್ತರ ಕೊಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ 50 ಗ್ರಾಂ. ಅಕ್ಕಿ, ಗೋಧಿ, ರಾಗಿ ಸೇರಿ 250 ಗ್ರಾಂ ಧಾನ್ಯದಿಂದ ಸುಮಾರು 20, 60 ಗ್ರಾಂ ಬೇಳೆಯಿಂದ 13, ಅರ್ಧ ಲೀಟರು ಹಾಲು-ಮೊಸರಿನಿಂದ 16, 30 ಗ್ರಾಂ ಕಡಲೆಕಾಯಿ ಬೀಜದಿಂದ 7: ಒಟ್ಟು 56. ಧಾನ್ಯದ ಕೊರತೆಯನ್ನು ಬೇಳೆ ತುಂಬಿಕೊಡುತ್ತದೆ. ಬಿ-12ಕ್ಕೆ ಹಾಲು-ಮೊಸರುಗಳುಂಟು, ಸಾಲದವರಿಗೆ ಮಾತ್ರೆಗಳುಂಟು. ರಕ್ತಪರೀಕ್ಷೆ ಮಾಡಿಸಿ ಮಾತ್ರೆ ನುಂಗುವುದರಿಂದ ವ್ರತಕ್ಕೆ ಕುಂದಿಲ್ಲ. ಕೊರತೆಯೇ ಇಲ್ಲವೆಂದು ಜಂಬ ಕೊಚ್ಚುವುದರಿಂದ ದೇಹಕ್ಕೆ ಕುಂದುಂಟು.

ರೋಗಭಯದ ವಾದವನ್ನೂ ಪರೀಕ್ಷಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರ ಅಕ್ಟೋಬರಿನಲ್ಲಿ ಬೇಕನ್ ಮೊದಲಾದ ಸಂಸ್ಕರಿತ ಮಾಂಸಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದಿತು. ಇದು ಗಂಭೀರವಾದ ಮಾತು. ಆದರೆ ಹೊಗೆಸೊಪ್ಪೂ ಅದೇ ವರ್ಗದಲ್ಲಿದೆಯೆಂದು ಎರಡೂ ಸಮಾನ ಅಪಾಯಕಾರಿಯೆನ್ನುವಂತಿಲ್ಲ. ಆ ವರ್ಗೀಕರಣವು ಸಾಕ್ಷ್ಯದ ದೃಢತೆಯನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ತಾಜಾ ಕೆಂಪು ಮಾಂಸವನ್ನು ಆ ಸಂಸ್ಥೆ ಬೇರೆಯ, ಕೆಳಗಿನ ವರ್ಗದಲ್ಲಿರಿಸಿದೆ. ಕೊಡವರ ಪಂದಿಕರಿ ನೈಟ್ರೈಟಿನಲ್ಲಿ ಹದಗೊಳಿಸಿದ ಬೇಕನ್ ಅಲ್ಲ; ಕಾಚಂಪುಳಿ ಹಾಕಿ ಬೇಯಿಸಿದ ಮಾಂಸ. ಬೇಕನ್ನಿನ ದೋಷವನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ಬಿ.ಟಿ.ಎಂ. ಲೇಔಟಿನಲ್ಲಿ ನಮ್ಮ ನೆರೆಹೊರೆಯವರಾದ ಕೊಡವರ, ಈಶಾನ್ಯ ರಾಜ್ಯಗಳ ತರುಣರ ಅಡುಗೆಯನ್ನು ಹೊಲಸೆಂದು ಜರೆಯುವುದು ಮಾತಿನಿಂದ ಮಾಡುವ ಹಿಂಸೆಯಲ್ಲದೆ ಬೇರೇನು?

ಕೊಬ್ಬಿನ ವಾದವಂತೂ ನಮಗೇ ತಿರುಗುಬಾಣ. ಹಂದಿಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ ಶೇಕಡಾ 40ರ ಆಸುಪಾಸು. ತುಪ್ಪದಲ್ಲಿ ಶೇಕಡಾ 60ರ ಆಸುಪಾಸು. ಬೇಕನ್ನಿನ ಉಪ್ಪನ್ನು ಆಕ್ಷೇಪಿಸುವ ನಾವು ಹಪ್ಪಳ, ಉಪ್ಪಿನಕಾಯಿಗಳನ್ನು ಎಲೆಯ ತುದಿಯಲ್ಲಿಟ್ಟುಕೊಂಡೇ ಮಾತನಾಡುತ್ತಿದ್ದೇವೆ.

ಈ ವಾದಸರಣಿ ಸಾರ್ವಜನಿಕ ಜೀವನದಲ್ಲಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಮೊಟ್ಟೆಯ ವಿವಾದದಲ್ಲಿ ಕಂಡಿದ್ದೇವೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದೊಡನೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುವ ಯೋಜನೆ ಆರಂಭವಾದಾಗ ಮಠಾಧೀಶರಿಂದ ವಿರೋಧ ಬಂದಿತು. ತಮ್ಮ ಮಕ್ಕಳಿಗೆ ಅದು ಬೇಡವೆನ್ನುವ ಹಕ್ಕು ವ್ರತಧಾರಿಗಳಿಗೆ ಖಂಡಿತವಾಗಿಯೂ ಉಂಟು. ಆದರೆ ಮೊಟ್ಟೆಯಲ್ಲಿ ಪೋಷಣೆಯೇ ಇಲ್ಲವೆಂದು ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳ ಮುಂದೆ ನಿಂತು ವಾದಿಸಿದವನು ಕರುಣೆಯ ಪಕ್ಷದಲ್ಲಿದ್ದಾನೆಂದು ಯಾರು ನಂಬುತ್ತಾರೆ?

ನಮ್ಮ ಧರ್ಮಕ್ಕೆ ಈ ಎರವಲು ವಾದಗಳ ಅವಶ್ಯಕತೆಯಾದರೂ ಏನು? ಜನ್ನ ಮಹಾಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನೆನೆಯಿರಿ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅದರಲ್ಲಿ ಕೊಬ್ಬೆಷ್ಟು, ಪ್ರೋಟೀನ್ ಎಷ್ಟೆಂದು ಯಾರೂ ಕೇಳಲಿಲ್ಲ. ಕೊಲ್ಲುವ ಸಂಕಲ್ಪವೊಂದರಿಂದಲೇ ತಾಯಿ-ಮಗ ಭವಭವಗಳಲ್ಲಿ ತೊಳಲಬೇಕಾಯಿತು. ಹಂದಿಯ ವಿಷಯದಲ್ಲಿಯೂ ನಮ್ಮ ಪರಂಪರೆ ಹೇಳುವುದು ಬೇರೆಯೇ ಮಾತು. ಹದಿಮೂರನೆಯ ತೀರ್ಥಂಕರ ವಿಮಲನಾಥರ ಲಾಂಛನ ವರಾಹ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನಕ್ಕೆ ದೃಷ್ಟಾಂತಗಳನ್ನು ಕೊಡುವಾಗ ಹೆಸರಿಸುವವರಲ್ಲಿ ಹಂದಿಯೂ ಒಂದು. ಹುಲಿಯಿಂದ ಮುನಿಯನ್ನು ರಕ್ಷಿಸಲು ಅದು ಪ್ರಾಣ ತೆತ್ತಿತೆಂಬುದು ಕಥೆ. ಬದುಕಬೇಕೆಂಬ ಆಸೆಯುಳ್ಳ ಪಂಚೇಂದ್ರಿಯ ಜೀವವನ್ನು ನಾಲಗೆಗಾಗಿ ಕೊಲ್ಲಬಾರದು. ಇದೇ ಕಾರಣ, ಇಷ್ಟೇ ಕಾರಣ.

ಇದರಿಂದ ಯುವಕರು ಕೈತಪ್ಪುವರೆಂದು ಅಂಜುವವರಿದ್ದಾರೆ. ವಾಸ್ತವ ಇದಕ್ಕೆ ವಿಪರೀತ. ಮಾಂಸ ವಿಷವೆಂದು ಕಲಿತ ಹುಡುಗ ಅದನ್ನು ತಿಂದು ಗಟ್ಟಿಮುಟ್ಟಾಗಿರುವ ಸಹೋದ್ಯೋಗಿಯನ್ನು ಕಂಡ ದಿನವೇ ಮನೆಯವರ ಮಾತನ್ನೆಲ್ಲ ಶಂಕಿಸತೊಡಗುತ್ತಾನೆ. ಆರೋಗ್ಯಕ್ಕಾಗಿ ಬಿಟ್ಟವನು ನಾಳೆ ನೈಟ್ರೈಟ್ ಇಲ್ಲದ, ಕೊಬ್ಬಿಲ್ಲದ ಮಾಂಸ ಬಂದಾಗ ಏಕೆ ತಿನ್ನಬಾರದು? ಲಾಭವಿದ್ದಾಗ ಮಾತ್ರ ಪಾಲಿಸುವುದು ವ್ರತವಲ್ಲ, ವ್ಯವಹಾರ.

ಆದುದರಿಂದ ಮುಂದಿನ ಪರ್ವಕ್ಕೆ ಕರಪತ್ರ ಬರೆಯುವ ಸಾಧರ್ಮಿ ಬಂಧುಗಳಲ್ಲಿ ನನ್ನ ವಿನಂತಿ: ಹಂದಿಮಾಂಸದಲ್ಲಿ ಪೋಷಣೆ ಉಂಟೆಂದು ಒಪ್ಪಿಕೊಳ್ಳಿ. ಅದಿಲ್ಲದೆ ಆರೋಗ್ಯವಾಗಿ ಬಾಳುವ ಬಗೆಯನ್ನು ಸರಿಯಾದ ಲೆಕ್ಕದೊಡನೆ ತಿಳಿಸಿ. ಪೋಷಣೆ ಇದ್ದರೂ ನಾವೇಕೆ ತಿನ್ನುವುದಿಲ್ಲ ಎಂಬುದನ್ನು ನಮ್ಮ ಆಚಾರ್ಯರ ಮಾತಿನಲ್ಲಿ, ಅಂಜಿಕೆಯಿಲ್ಲದೆ ಬರೆಯಿರಿ.