ಸಾಯುವವರಿಗೆ ಅರ್ಧ, ಗಟ್ಟಿಮುಟ್ಟಾದವರಿಗೆ ನಾಲ್ಕು

ಸತ್ತ ಮನುಷ್ಯನಿಗೆ ಬೆಲೆ ಕಟ್ಟುವ ಸೂತ್ರವೊಂದು ಭಾರತ ಸರ್ಕಾರದ ಬಳಿ ಇದೆ. ಅದು ಇರುವುದು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಏಳನೆಯ ಅನುಸೂಚಿಯಲ್ಲಿ. ಔಷಧ ಪ್ರಯೋಗದಿಂದಲೇ ಸಾವು ಬಂತೆಂದು ತೀರ್ಮಾನವಾದರೆ ಮನೆಯವರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಅದು. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು.

ಅನ್ಯಾಯ ಅಡಗಿರುವುದು ಅಪಾಯದ ಅಂಶದಲ್ಲಿ. ಆರೋಗ್ಯವಂತ ಸ್ವಯಂಸೇವಕನಿಗೆ ಅದು 4. ಆರು ತಿಂಗಳಿಗಿಂತ ಹೆಚ್ಚು ಬದುಕಲಾರನೆಂದು ಅಂದಾಜಿಸಿದ ರೋಗಿಗೆ 0.5. ಅರವತ್ತೈದು ದಾಟಿದ ಇಬ್ಬರನ್ನು ತೆಗೆದುಕೊಂಡರೆ, ಗಟ್ಟಿಮುಟ್ಟಾದವರ ಸಾವಿಗೆ 32 ಲಕ್ಷ, ಕಾಯಿಲೆಯವರ ಸಾವಿಗೆ 4 ಲಕ್ಷ. ಇನ್ನು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ 90ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಸೂತ್ರವೂ ಬೇಡ. 2 ಲಕ್ಷ ಕೊಟ್ಟರೆ ಮುಗಿಯಿತು.

ರಕ್ತದ ಕ್ಯಾನ್ಸರ್ ಮರುಕಳಿಸಿದವರು, ಅಸ್ಥಿಮಜ್ಜೆಯ ಕಸಿಯೂ ಕೈಕೊಟ್ಟವರು ಬಹುಪಾಲು ಈ ಪಟ್ಟಿಯ ತಳದಲ್ಲೇ ಬರುತ್ತಾರೆ. ಹೊಸ ಔಷಧಗಳನ್ನು ಮೊದಲು ತಮ್ಮ ಮೈಮೇಲೆ ಪಡೆಯುವವರೂ ಅವರೇ.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಓಎನ್‌ಜಿಸಿ ಕೆಲಸಕ್ಕೆಂದು ಬಂದು ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆಗೆ ಲ್ಯುಕೇಮಿಯಾ ಮರಳಿದೆ. ಅಸಾರ್ವಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೋ ಯಾವುದೋ ಖಾಸಗಿ ಆಸ್ಪತ್ರೆಗೋ ಅಲೆದು, ಉಳಿತಾಯ ಕರಗಿದೆ. ಆಗ ಯಾರೋ ಹೇಳುತ್ತಾರೆ, ಒಂದು ಪ್ರಯೋಗ ನಡೆಯುತ್ತಿದೆ, ಔಷಧ ಉಚಿತ ಎಂದು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು ಎನ್ನುತ್ತದೆ ಕಾನೂನು. ತರಕಾರಿ ಅಂಗಡಿಗೆ ಸಾಕಾಗುವ ಗುಜರಾತಿ, ಪುಟಗಟ್ಟಲೆ ವೈದ್ಯಕೀಯ ಕರಾರಿಗೆ ಸಾಕಾಗದು. ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ಹುಡುಕೋಣವೆಂದರೆ ಅದು ಇಂಗ್ಲಿಷಿನಲ್ಲಿದೆ. ಹೀಗೆ ಹಾಕಿದ ಸಹಿಯನ್ನು ಸಮ್ಮತಿ ಎಂದು ಕರೆಯುವುದು ಸುಲಭ. ಬೇರೆ ದಾರಿ ಇಲ್ಲದವನ ಸಹಿ ಅದು.

ಸೂತ್ರದ ಪರ ವಾದಿಸುವವರಿದ್ದಾರೆ. ಹೇಗಿದ್ದರೂ ಕಾಯಿಲೆಯಿಂದಲೇ ಸಾಯುವವನಿಗೆ ಪೂರ್ತಿ ಪರಿಹಾರವೆಂದರೆ ಕಂಪನಿಗಳು ಕ್ಯಾನ್ಸರ್ ಪ್ರಯೋಗಗಳನ್ನೇ ಬಿಟ್ಟುಬಿಡುತ್ತವೆ ಎಂಬುದು ಅವರ ಮಾತು. ಇದು ಕೇಳಲು ಸರಿ, ಲೆಕ್ಕದಲ್ಲಿ ತಪ್ಪು. ಕಾಯಿಲೆಯಿಂದ ಸತ್ತವನಿಗೆ ಪರಿಹಾರವೇ ಇಲ್ಲ. ಪ್ರಯೋಗವೇ ಕೊಂದಿತೆಂದು ಸಾಬೀತಾದ ಮೇಲಷ್ಟೇ ಸೂತ್ರ ತೆರೆಯುತ್ತದೆ. ಕಾಯಿಲೆಯ ಪಾಲನ್ನು ಅಲ್ಲೇ ಕಳೆದಾಗಿದೆ. ಎರಡನೆಯ ಸಲ ಕಳೆಯುವುದು ಯಾವ ನ್ಯಾಯ?

ಆ ಮೊದಲ ಬಾಗಿಲು ದಾಟುವುದೂ ಸುಲಭವಲ್ಲ. 2005ರಿಂದ 2012ರವರೆಗೆ ದೇಶದ ಔಷಧ ಪ್ರಯೋಗಗಳಲ್ಲಿ 2,644 ಜನ ಸತ್ತರೆಂದು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಪ್ರಯೋಗದಿಂದಲೇ ಆದವೆಂದು ಒಪ್ಪಿಕೊಂಡದ್ದು 80. ರಕ್ತದ ಕ್ಯಾನ್ಸರಿನಲ್ಲಿ ಈ ವಿಂಗಡಣೆ ಇನ್ನೂ ಕಷ್ಟ. ಬಿಳಿ ರಕ್ತಕಣ ಕುಸಿದವನ ಶ್ವಾಸಕೋಶಕ್ಕೆ ಫಂಗಸ್ ಹತ್ತಿದರೆ ಅದಕ್ಕೆ ಕಾರಣ ಕಾಯಿಲೆಯೋ, ಹಳೆಯ ಕಿಮೊಥೆರಪಿಯೋ, ಹೊಸ ಔಷಧವೋ? ಕಸಿಯಾದವನ ಕರುಳನ್ನು ದಾನಿಯ ಜೀವಕೋಶಗಳೇ ತಿನ್ನತೊಡಗಿದರೆ ಹೊಣೆ ಯಾರದು? ಈ ತೀರ್ಮಾನಕ್ಕೆ ಆಧಾರವಾಗುವ ವರದಿಗಳನ್ನು ಬರೆಯುವವರಲ್ಲಿ ಪ್ರಯೋಗ ನಡೆಸಿದ ವೈದ್ಯರೂ ಹಣ ಹಾಕಿದ ಕಂಪನಿಯೂ ಇರುತ್ತಾರೆ. ಮನೆಯವರ ಕೈಯಲ್ಲಿ ಡಿಸ್ಚಾರ್ಜ್ ಕಾಗದವಷ್ಟೇ.

ಇದನ್ನೆಲ್ಲ ಕಾಯಲು ನೈತಿಕ ಸಮಿತಿಗಳಿವೆ ಎನ್ನುತ್ತಾರೆ. 2025ರ ಏಪ್ರಿಲ್‌ನಲ್ಲಿ ಅದೇ ಅಹಮದಾಬಾದಿನ ಮಹಾನಗರಪಾಲಿಕೆಯ ವಿ.ಎಸ್. ಆಸ್ಪತ್ರೆಯಲ್ಲಿ ಹೊರಬಂದದ್ದೇನು? ಆಸ್ಪತ್ರೆಗೆ ತನ್ನದೇ ಆದ ಮಾನ್ಯ ಸಮಿತಿ ಇಲ್ಲದೆ ವರ್ಷಗಟ್ಟಲೆ ಪ್ರಯೋಗಗಳು ನಡೆದವು, ಹಣ ವೈದ್ಯರ ಖಾತೆಗಳಿಗೆ ಹೋಯಿತು ಎಂಬ ಆರೋಪ. ಪಾಲಿಕೆ ವೈದ್ಯರ ಮೇಲೆ ಕ್ರಮ ಕೈಗೊಂಡಿತು. ಬಡವರು ಬರುವ ಸಾರ್ವಜನಿಕ ಆಸ್ಪತ್ರೆಯಲ್ಲೇ ಕಾವಲು ಇಷ್ಟು ಸಡಿಲವಾಗಿದ್ದರೆ, ಯಾರ ಮೇಲೆ ಭರವಸೆ ಇಡಬೇಕು?

ಹಾಗೆಂದು ಪ್ರಯೋಗಗಳೇ ಬೇಡ ಎನ್ನುವುದು ರೋಗಿಗೆ ಮಾಡುವ ಇನ್ನೊಂದು ದ್ರೋಹ. ಮಕ್ಕಳ ಲ್ಯುಕೇಮಿಯಾ ಒಂದು ಕಾಲಕ್ಕೆ ಮರಣಶಾಸನವಾಗಿತ್ತು; ಇಂದು ಗುಣವಾಗುತ್ತದೆಂದರೆ ಅದು ದಶಕಗಳ ಪ್ರಯೋಗಗಳ ಫಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಬೆಳೆಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್‌ಟೆಮಿ 2025ರಲ್ಲಿ ಬಂತು. ರೋಗಿಯ ಟಿ ಕೋಶಗಳನ್ನೇ ತೆಗೆದು, ಕ್ಯಾನ್ಸರನ್ನು ಗುರುತಿಸಲು ಕಲಿಸಿ ಮರಳಿ ಕೊಡುವ ಈ ಚಿಕಿತ್ಸೆಗಳು ಬಂದದ್ದು ಯಾರೋ ಮೊದಲು ತೋಳು ಚಾಚಿದ್ದರಿಂದ. ವಿದೇಶದ ಬೆಲೆಗಿಂತ ಅಗ್ಗವೆಂಬುದು ನಿಜ. ಆದರೂ ಹತ್ತಾರು ಲಕ್ಷ ರೂಪಾಯಿ.

ತೋಳು ಚಾಚಿದವರಿಗೆ ಕಾನೂನು ಕೊಡುವುದೇನು? ಪ್ರಯೋಗ ಮುಗಿದ ಮೇಲೂ ಔಷಧ ಉಚಿತವಾಗಿ ಸಿಗಲು 27ನೆಯ ನಿಯಮದಲ್ಲಿ ದಾರಿಯಿದೆ. ಆದರೆ ವೈದ್ಯರು ಶಿಫಾರಸು ಮಾಡಬೇಕು, ಸಮಿತಿ ಒಪ್ಪಬೇಕು, ಬೇರೆ ಚಿಕಿತ್ಸೆ ಇರಬಾರದು. ಇಷ್ಟಾದ ಮೇಲೆ, ಮುಂದೆ ಏನಾದರೂ ಕಂಪನಿ ಹೊಣೆಯಲ್ಲವೆಂದು ರೋಗಿಯೇ ಬರೆದುಕೊಡಬೇಕು!

ಆಗಬೇಕಾದದ್ದು ಕಷ್ಟದ್ದೇನಲ್ಲ. ಅಪಾಯದ ಅಂಶ ಎಲ್ಲರಿಗೂ ಒಂದೇ ಇರಲಿ. ಪ್ರಯೋಗದಲ್ಲಿ ಸಾವಾದರೆ, ಅದು ಪ್ರಯೋಗದಿಂದ ಆದದ್ದಲ್ಲ ಎಂದು ತೋರಿಸುವ ಭಾರ ಕಂಪನಿಯ ಮೇಲಿರಲಿ. ನೋಂದಣಿಯ ಮಾಹಿತಿ ಕನ್ನಡ, ಗುಜರಾತಿ ಸೇರಿ ಎಲ್ಲ ಭಾಷೆಗಳಲ್ಲಿ ಸಿಗಲಿ. ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು, ಆ ಆಸ್ಪತ್ರೆಗೆ ಸಂಬಂಧವಿಲ್ಲದ ವೈದ್ಯರೊಬ್ಬರಿಗೆ ತೋರಿಸುವ ಹಕ್ಕಿರಲಿ. ಪ್ರಯೋಗದಲ್ಲಿ ಗುಣ ಕಂಡವರಿಗೆ ಆ ಔಷಧ ಅಗತ್ಯವಿರುವಷ್ಟು ಕಾಲ, ಮುಚ್ಚಳಿಕೆಯಿಲ್ಲದೆ ಸಿಗಲಿ.

ಆರು ತಿಂಗಳಷ್ಟೇ ಉಳಿದವನು ಅದರಲ್ಲಿ ಕೆಲವು ವಾರಗಳನ್ನು ವಿಜ್ಞಾನಕ್ಕೆ ಕೊಟ್ಟರೆ, ಅವನು ಕೊಟ್ಟದ್ದು ಆರೋಗ್ಯವಂತ ಕೊಟ್ಟದ್ದಕ್ಕಿಂತ ದೊಡ್ಡ ಪಾಲು. ಅದಕ್ಕೆ 0.5 ಎಂದು ಬರೆದವರು ಗುಣಾಕಾರವನ್ನು ತಲೆಕೆಳಗು ಮಾಡಿದ್ದಾರೆ.